ಮುಸುವದ ಕೂಗು, ನರಿಯ ಪದಪಾಠ

ಆ ಕಾಡಿನಲ್ಲಿ ಬೇಸಿಗೆಯಲ್ಲೂ ಬತ್ತದ ಕೆರೆ ಒಂದೇ ಒಂದಿತ್ತು. ಅದರ ದಡದಲ್ಲಿ ಎತ್ತರದ ಮತ್ತಿಮರ. ಮರದ ತುದಿಯಲ್ಲಿ ನೀಳಬಾಲ ಎಂಬ ಮುಸುವ ವಾಸವಾಗಿತ್ತು. ಮುಸುವವೆಂದರೆ ಕರಿಮೋರೆಯ, ಬೂದುಮೈಯ, ಉದ್ದ ಬಾಲದ ಕೋತಿ. ಮರದ ಕೆಳಗೆ ಜಿಂಕೆಗಳ ಹಿಂಡು ಮೇಯುತ್ತಿತ್ತು.

ಮುಸುವಕ್ಕೂ ಜಿಂಕೆಗಳಿಗೂ ಅಜ್ಜಂದಿರ ಕಾಲದಿಂದ ಒಂದು ಒಪ್ಪಂದವಿತ್ತು. ನೀಳಬಾಲ ಚಿಗುರು ತಿನ್ನುವಾಗ ಅರ್ಧ ತಿಂದು ಅರ್ಧ ಉದುರಿಸುತ್ತಿತ್ತು. ಜಿಂಕೆಗಳು ಅದನ್ನು ಆಯ್ದು ತಿನ್ನುತ್ತಿದ್ದವು. ನೆಲದ ವಾಸನೆ ಹಿಡಿಯುವುದು ಜಿಂಕೆಗಳ ಕೆಲಸ, ದೂರಕ್ಕೆ ಕಣ್ಣಿಡುವುದು ಮುಸುವದ ಕೆಲಸ. ಪೊದೆಯ ಆಚೆ ಚಿರತೆಯ ಬೆನ್ನು ಕಂಡರೆ ಸಾಕು, ನೀಳಬಾಲ "ಖಕ್! ಖಕ್!" ಎಂದು ಕೂಗುತ್ತಿತ್ತು. ಆ ಕೂಗು ಕಿವಿಗೆ ಬಿದ್ದರೆ ಬಾಯಲ್ಲಿದ್ದ ಹುಲ್ಲನ್ನೂ ಅಲ್ಲೇ ಬಿಟ್ಟು ಓಡಬೇಕು. ಎಲ್ಲಿ, ಏನು, ಯಾಕೆ ಎಂದು ಕೇಳುವುದೆಲ್ಲ ಆಮೇಲೆ. ಹುಟ್ಟಿದ ಮರಿಗೆ ತಾಯಿ ಜಿಂಕೆ ಕಲಿಸುತ್ತಿದ್ದ ಮೊದಲ ಪಾಠವೇ ಅದು.

ಈ ಕೂಗನ್ನು ಕಂಡರೆ ಆಗದ ಪ್ರಾಣಿಯೂ ಒಂದಿತ್ತು. ಅದು ಮೆಲ್ಲಡಿ ಎಂಬ ನರಿ. ಚಿರತೆ ತಿಂದು ಬಿಟ್ಟದ್ದೇ ಮೆಲ್ಲಡಿಯ ಊಟ. ಕೂಗು ಬಿದ್ದ ದಿನ ಚಿರತೆಗೂ ಉಪವಾಸ, ನರಿಗೂ ಉಪವಾಸ. ಹೊಟ್ಟೆ ಬೆನ್ನಿಗೆ ಅಂಟಿಕೊಂಡಾಗಲೆಲ್ಲ ಮೆಲ್ಲಡಿ ಮತ್ತಿಮರದ ತುದಿಯನ್ನು ನೋಡಿ ಹಲ್ಲು ಕಡಿಯುತ್ತಿತ್ತು.

ಕಾಡಿನಂಚಿನ ಊರಿನಲ್ಲಿ ಒಂದು ಟ್ಯೂಷನ್ ಮನೆಯಿತ್ತು. ಮೆಲ್ಲಡಿ ಅದರ ಹಿತ್ತಿಲಿಗೆ ಎಂಜಲೆಲೆ ನೆಕ್ಕಲು ಹೋಗುತ್ತಿತ್ತು. ಒಳಗೆ ಮೇಷ್ಟ್ರು ಇಂಗ್ಲಿಷಿನ ಭಾರಿ ಪದವೊಂದನ್ನು ಹೇಳುವರು, ಮಕ್ಕಳೆಲ್ಲ ಒಟ್ಟಿಗೆ ಅದರ ಅರ್ಥ ಕೂಗುವರು. ಮೆಲ್ಲಡಿ ಕಿಟಕಿಯ ಕೆಳಗೆ ಕುಳಿತು ಅವೆಲ್ಲವನ್ನೂ ಬಾಯಿಪಾಠ ಮಾಡಿತು. ಕಲಿತದ್ದರಲ್ಲಿ ತಪ್ಪೇನಿಲ್ಲ. ಪದವೂ ಸರಿಯಾಗಿತ್ತು, ಅರ್ಥವೂ ಸರಿಯಾಗಿತ್ತು. ಸರಿಯಿಲ್ಲದ್ದು ನರಿಯ ಮನಸ್ಸು.

ಒಂದು ಮಧ್ಯಾಹ್ನ ಮೆಲ್ಲಡಿ ಮತ್ತಿಮರದ ಬುಡಕ್ಕೆ ಬಂದು ಕತ್ತೆತ್ತಿ ಕೈಮುಗಿಯಿತು.

"ನೀಳಬಾಲಣ್ಣ, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಹೇಳಪ್ಪ."

"ನಿಂದು ಎಂಥ ದೊಡ್ಡ ಹುದ್ದೆ! ಇಡೀ ಕೆರೆಗೇ ಕಾವಲುಗಾರ. ಆದ್ರೆ ಆ ಕೂಗು ಇದೆಯಲ್ಲ, ಖಕ್ ಅಂತೆ ಖಕ್! ಗಂಟಲಲ್ಲಿ ಮುಳ್ಳು ಸಿಕ್ಕಿಹಾಕ್ಕೊಂಡ ಹಾಗೆ. ಊರಲ್ಲಿ ಎಳೇ ಮಕ್ಕಳು ಎಂತೆಂಥ ಪದ ಆಡ್ತಾವೆ ಗೊತ್ತಾ? ನಿನ್ನ ಕೂಗು ಕೇಳಿದ್ರೆ ಬಿದ್ದು ಬಿದ್ದು ನಗ್ತಾವೆ."

ನೀಳಬಾಲದ ಮುಖ ಸಣ್ಣದಾಯಿತು. ಅಲ್ಲಿಯವರೆಗೆ ಅದಕ್ಕೆ ತನ್ನ ಕೂಗಿನ ಬಗ್ಗೆ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಉಸಿರಿನ ಹಾಗೆ ಕೂಗೂ ಇತ್ತು, ಅಷ್ಟೆ. ಈಗ ಮೊದಲ ಸಲ ನಾಚಿಕೆಯಾಯಿತು.

"ಹಾಗಾದ್ರೆ ಏನಂತ ಕೂಗ್ಲಿ?"

"ಇಮ್ಮಿನೆಂಟ್ ಕೆಟಾಸ್ಟ್ರಫಿ," ಎಂದಿತು ಮೆಲ್ಲಡಿ, ಕಣ್ಣು ಮುಚ್ಚಿ, ಒಂದೊಂದು ಅಕ್ಷರವನ್ನೂ ಚಪ್ಪರಿಸುತ್ತ. "ಇಮ್ಮಿನೆಂಟ್ ಅಂದ್ರೆ ಇನ್ನೇನು ಬಂದೇಬಿಡೋದು. ಕೆಟಾಸ್ಟ್ರಫಿ ಅಂದ್ರೆ ಮಹಾ ಅನಾಹುತ. ಕೇಳೋಕೇ ಎಷ್ಟು ಗಂಭೀರವಾಗಿದೆ ನೋಡು!"

ನೀಳಬಾಲ ಅದನ್ನು ಮೆಲ್ಲಗೆ ಹೇಳಿ ನೋಡಿತು. ನಾಲಿಗೆ ತೊಡರಿತು. ಮತ್ತೆ ಹೇಳಿತು. ಸಂಜೆಯ ಹೊತ್ತಿಗೆ ಪದ ಬಾಯಿಗೆ ಹತ್ತಿತು. ಅಂದು ಅದಕ್ಕೆ ಮರ ಇನ್ನಷ್ಟು ಎತ್ತರವಾದಂತೆ ಕಂಡಿತು.

ಮರುದಿನದಿಂದ ಮರದ ಕೆಳಗೆ ಪದಪಾಠ ಶುರುವಾಯಿತು. ಜಿಂಕೆಗಳು ಬಂದವು, ಮೊಲಗಳು ಬಂದವು, ಗರಿ ಸರಿಪಡಿಸಿಕೊಂಡು ನವಿಲೂ ಬಂತು. ಮೆಲ್ಲಡಿ ಒಂದೇ ಒಂದು ನಿಯಮ ಹಾಕಿತು.

"ಪದ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ನೆಟ್ಟಗೆ ನಿಂತು, ಕತ್ತೆತ್ತಿ, ಒಟ್ಟಿಗೆ ಅರ್ಥ ಹೇಳ್ಬೇಕು. ಅಷ್ಟರೊಳಗೆ ಯಾರಾದ್ರೂ ಅಲ್ಲಾಡಿದ್ರೋ, ಅವರು ಹಿಂದಿನ ಸಾಲಿಗೆ!"

"ಬೆನೆವೊಲೆಂಟ್!" ಎನ್ನುವುದು ನರಿ.

"ಪರರ ಒಳಿತು ಬಯಸುವ!" ಎನ್ನುವುವು ಎಲ್ಲವೂ.

"ಮ್ಯಾಗ್ನಾನಿಮಸ್!"

"ದೊಡ್ಡ ಮನಸ್ಸಿನ!"

ಎಲ್ಲರಿಗಿಂತ ಚುರುಕು ಹೊನ್ನಿಯ ಮರಿ. ಹೊನ್ನಿ ಆ ಹಿಂಡಿನ ತಾಯಿ ಜಿಂಕೆ. ಮರಿಯ ಮೈಮೇಲಿನ ಚುಕ್ಕಿಗಳು ಇನ್ನೂ ಹೊಸದಾಗಿದ್ದವು. ಅದು ಮುಂದಿನ ಸಾಲಿನಲ್ಲಿ ನಿಂತು, ಎಲ್ಲರೂ ಹೇಳಿ ಮುಗಿಸಿದ ಮೇಲೆ ತನ್ನ ಸಣ್ಣ ದನಿಯಲ್ಲಿ ಕೊನೆಯದಾಗಿ ಇನ್ನೊಮ್ಮೆ ಹೇಳುತ್ತಿತ್ತು. ಮೇಲಿನಿಂದ ನೋಡುತ್ತಿದ್ದ ನೀಳಬಾಲಕ್ಕೆ ಆ ಮರಿಯೆಂದರೆ ಪ್ರಾಣ. ಒಳ್ಳೆಯ ಚಿಗುರನ್ನು ಗುರಿಯಿಟ್ಟು ಅದರ ಮುಂದೆಯೇ ಉದುರಿಸುತ್ತಿತ್ತು.

ಒಂದು ದಿನ ಪಾಠ ಮುಗಿದ ಮೇಲೆ ಹೊನ್ನಿ ಮರದ ಬುಡದಲ್ಲೇ ನಿಂತಿತು.

"ಅಣ್ಣ, ಒಂದು ಕೇಳ್ತೀನಿ. ಅಷ್ಟುದ್ದದ ಪದ ನೀನು ಹೇಳಿ ಮುಗಿಸೋ ಹೊತ್ತಿಗೆ ನನ್ನ ಮರಿ ಆ ಪೊದೆ ದಾಟಿರಬೇಕಲ್ವಾ?"

ನೀಳಬಾಲಕ್ಕೆ ಎಲ್ಲೋ ಚುಚ್ಚಿದಂತಾಯಿತು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಸ್ವಲ್ಪ ದೂರದಲ್ಲಿ ನರಿ ಕುಳಿತು ಕಿವಿ ನಿಮಿರಿಸಿತ್ತು. ಅದರೆದುರು ಹಳೆಯ ಕೂಗಿನ ಪರ ಮಾತಾಡಲು ಮುಸುವಕ್ಕೆ ಮನಸ್ಸು ಬರಲಿಲ್ಲ.

"ಕಲಿಯೋ ಕಡೆ ಅಪಶಕುನ ನುಡೀಬೇಡ ಹೊನ್ನಿ. ಕಾಲ ಬದಲಾಗಿದೆ," ಎಂದುಬಿಟ್ಟಿತು.

ಹೊನ್ನಿ ಮರಿಯನ್ನು ಕರೆದುಕೊಂಡು ಹಿಂಡಿಗೆ ಮರಳಿತು. ಇಷ್ಟು ವರ್ಷ ನಂಬಿದ ಕಣ್ಣು ಅದು. ಈಗಲೂ ನಂಬಿತು.

ಕೆಲವು ದಿನ ಕಳೆದವು. ಬಿಸಿಲು ಇಳಿಯುವ ಹೊತ್ತು. ಜಿಂಕೆಗಳು ನೀರು ಕುಡಿಯುತ್ತಿದ್ದವು. ಲಂಟಾನ ಪೊದೆಯ ಹಿಂದೆ ಹಳದಿ ಬೆನ್ನೊಂದು ನೆಲಕ್ಕೆ ಅಂಟಿಕೊಂಡು ಸರಿಯುವುದು ನೀಳಬಾಲಕ್ಕೆ ಕಂಡಿತು. ಗಂಟಲಿಗೆ "ಖಕ್" ತಾನಾಗಿಯೇ ಬಂತು. ನೀಳಬಾಲ ಅದನ್ನು ನುಂಗಿತು. ಹೌದು, ನುಂಗಿತು. ಬಾಯಿ ತುಂಬ ಉಸಿರೆಳೆದುಕೊಂಡು, ಕಲಿತಂತೆಯೇ, ಒಂದು ಅಕ್ಷರವೂ ತಪ್ಪದೆ ಕೂಗಿತು.

"ಇಮ್ಮಿನೆಂಟ್ ಕೆಟಾಸ್ಟ್ರಫಿ!"

ಕೆಳಗೆ ಜಿಂಕೆಗಳೆಲ್ಲ ನೀರಿನಿಂದ ಮೂತಿ ಎತ್ತಿದವು. ನೆಟ್ಟಗೆ ನಿಂತವು. ಕತ್ತೆತ್ತಿದವು. ಒಟ್ಟಿಗೆ, ಒಂದೇ ದನಿಯಲ್ಲಿ ಹೇಳಿದವು.

"ಇನ್ನೇನು ಬಂದೇಬಿಡುವ ಮಹಾ ಅನಾಹುತ!"

ಅರ್ಥ ಎಲ್ಲಕ್ಕೂ ಗೊತ್ತಿತ್ತು. ಒಂದೂ ಓಡಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಒಂದು ಸಣ್ಣ ದನಿ ಕೇಳಿತು. "ಮಹಾ ಅನಾಹುತ," ಎಂದಿತು ಹೊನ್ನಿಯ ಮರಿ, ಮೇಲೆ ನೋಡುತ್ತ, ಶಹಬ್ಬಾಸ್ ಎನ್ನುವುದನ್ನು ಕಾಯುತ್ತ.

ಚಿರತೆ ನೆಗೆದದ್ದು ಆಗ.

ಮರಿಯನ್ನು ಕಚ್ಚಿಕೊಂಡು ಓಡಿದ ಚಿರತೆಯನ್ನು ಹೊನ್ನಿ ಬೆನ್ನಟ್ಟಿತು. ಪೊದೆಯವರೆಗೆ ಓಡಿ, ಅಲ್ಲಿ ಸುತ್ತು ಹಾಕಿ, ಮತ್ತೆ ಕೆರೆಗೆ ಬಂತು, ಮತ್ತೆ ಪೊದೆಗೆ ಹೋಯಿತು. ನೀಳಬಾಲ ಈಗ "ಖಕ್! ಖಕ್!" ಎಂದು ಗಂಟಲು ಹರಿಯುವಂತೆ ಕೂಗುತ್ತಿತ್ತು. ಕೂಗಿ ಏನು ಪ್ರಯೋಜನ?

ಮಾರನೆಯ ಬೆಳಿಗ್ಗೆ ನೀಳಬಾಲ ಮರದ ತುದಿಯಿಂದ ಇನ್ನೊಂದನ್ನು ಕಂಡಿತು. ದೂರದ ಹುತ್ತದ ಮರೆಯಲ್ಲಿ, ಚಿರತೆ ತಿಂದು ಬಿಟ್ಟ ಕಡೆ, ಮೆಲ್ಲಡಿ ಮೂತಿ ಹುದುಗಿಸಿ ತಿನ್ನುತ್ತಿತ್ತು. ಮುಸುವಕ್ಕೆ ಎಲ್ಲವೂ ಒಮ್ಮೆಲೇ ತಿಳಿಯಿತು. ಪಾಠ ಯಾಕೆ, ಅಲ್ಲಾಡಬಾರದೆಂಬ ನಿಯಮ ಯಾಕೆ, ಎಲ್ಲ. ಆದರೆ ಇಳಿದು ಹೋಗಿ ಯಾರಿಗೆ ಹೇಳಲಿ, ಹೇಗೆ ಹೇಳಲಿ? ಬಲೆ ನೇಯ್ದದ್ದು ನರಿಯಾದರೂ ಅದನ್ನು ಎಳೆದದ್ದು ತನ್ನ ಬಾಯಿಯೇ. ಅಂದಿನಿಂದ ಅದು ಚಿಗುರು ಮುಟ್ಟಲಿಲ್ಲ. ಮರದ ಕೆಳಗೆ ಒಂದು ಎಲೆಯೂ ಉದುರಲಿಲ್ಲ.

ದುಃಖದಲ್ಲಿ ಪ್ರಾಣಿಗಳೆಲ್ಲ ಮರದ ಕೆಳಗೆ ಸೇರಿದ್ದ ಒಂದು ಮಧ್ಯಾಹ್ನ ಮೆಲ್ಲಡಿ ಬಂತು. ತಲೆ ತಗ್ಗಿಸಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು.

"ಇವತ್ತಿನ ಪದ, ಕಂಡೋಲೆನ್ಸ್," ಎಂದಿತು ಭಾರದ ದನಿಯಲ್ಲಿ. "ಕಂಡೋಲೆನ್ಸ್ ಅಂದ್ರೆ ಸಂತಾಪ. ಎಲ್ಲರೂ ಹೊನ್ನಿಯಕ್ಕನ ಕಡೆ ತಿರುಗಿ ಹೇಳಿ."

ಮೊಲಗಳು ನೆಲ ನೋಡಿದವು. ನವಿಲು ಗರಿ ಮುದುರಿಕೊಂಡಿತು.

ಹೊನ್ನಿ ನಿಧಾನವಾಗಿ ಮುಖ ಎತ್ತಿತು. "ಅದೇನೋ ನಂಗೆ ಬೇಡಪ್ಪ. ನಂಗೆ ಆಗ್ತಿರೋದು ಸಂತಾಪ ಅಲ್ಲ. ಹೊಟ್ಟೆ ಉರೀತಿದೆ. ನನ್ನ ಮರಿ ಇಲ್ಲಿ ನಿಂತಿತ್ತು, ಈಗ ಇಲ್ಲ. ಇದಕ್ಕೆ ನಿನ್ನ ಹತ್ರ ಪದ ಇದ್ರೆ ಹೇಳು."

ಮೆಲ್ಲಡಿ ಬಾಯಿ ತೆರೆಯಿತು. ಅಷ್ಟರಲ್ಲಿ ಅದರ ಬೆನ್ನ ಹಿಂದಿನ ಹುಲ್ಲು ಗಾಳಿಯಿಲ್ಲದೆ ಅಲುಗಾಡಿದ್ದು ನೀಳಬಾಲಕ್ಕೆ ಕಂಡಿತು. ಎಳೆಯ ಮರಿಯ ಮಾಂಸ ಚಿರತೆಗೆ ಎಷ್ಟು ದಿನ ಬಂದೀತು? ಅದು ಮತ್ತೆ ಹಸಿದು ಬಂದಿತ್ತು.

"ಖಕ್! ಖಕ್! ಖಕ್!"

ಈ ಸಲ ನೀಳಬಾಲ ಏನನ್ನೂ ಹುಡುಕಲಿಲ್ಲ. ಕೆಳಗೆ ಯಾರೂ ಕತ್ತೆತ್ತಲಿಲ್ಲ. ಜಿಂಕೆ, ಮೊಲ, ನವಿಲು, ಕಣ್ಣು ಮಿಟುಕಿಸುವುದರೊಳಗೆ ಮರದ ಬುಡ ಬರಿದಾಯಿತು. ಹೊನ್ನಿಯೂ ಓಡಿತು.

ಓಡದೆ ನಿಂತದ್ದು ಮೆಲ್ಲಡಿ ಒಂದೇ. ಅದಕ್ಕೆ ಸಿಟ್ಟು ಬಂದಿತ್ತು. "ಅಲ್ಲಾಡಬೇಡಿ ಅಂದಿರಲಿಲ್ವಾ!" ಎಂದು ಓಡಿದವುಗಳ ಹಿಂದೆ ಚೀರಿತು. ಚಿರತೆಗೆ ಊಟ ಒದಗಿಸಿದ್ದು ತಾನು, ತನ್ನನ್ನು ಅದು ಏನು ಮಾಡೀತು ಎಂಬ ಧೈರ್ಯ ಬೇರೆ. ತಿರುಗಿ ನೋಡಿದರೆ ಚಿರತೆ ಎದುರಿಗೇ ಇತ್ತು. ಜಿಂಕೆಗಳೆಲ್ಲ ಕೈತಪ್ಪಿದ್ದವು. ಕೈಗೆ ಸಿಗುವಂತೆ ಉಳಿದಿದ್ದದ್ದು ಹೊಟ್ಟೆ ಉಬ್ಬಿದ ಒಂದು ನರಿ.

"ದೊರೆ, ನೀವು ಬೆನೆವೊಲೆಂಟು, ಮ್ಯಾಗ್ನಾನಿಮಸ್ಸು…" ಎಂದು ಮೆಲ್ಲಡಿ ತೊದಲಿತು.

ಚಿರತೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಗ ನರಿಯ ಬಾಯಿಂದ ಕಲಿತದ್ದೆಲ್ಲ ಹಾರಿಹೋಯಿತು. ಹುಟ್ಟಿನಿಂದ ಬಂದ ಊಳು ಮಾತ್ರ ಉಳಿಯಿತು. ಅದನ್ನೇ ಮುಗಿಲಿಗೆ ಮುಟ್ಟುವಂತೆ ಊಳಿಟ್ಟಿತು. ಆ ಕೂಗಿನ ಅರ್ಥವನ್ನು ಕಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲಕ್ಕೂ ತಿಳಿಯಿತು. ಯಾರೂ ಹತ್ತಿರ ಬರಲಿಲ್ಲ.

ನೀಳಬಾಲಕ್ಕೆ ಅದನ್ನು ನೋಡಿ ಸಂತೋಷವೇನೂ ಆಗಲಿಲ್ಲ. ಮರಿ ತಿರುಗಿ ಬರುವುದಿಲ್ಲವಲ್ಲ.

ಸಂಜೆ ಹಿಂಡು ಮತ್ತೆ ಕೆರೆಗೆ ಬಂತು. ನೀಳಬಾಲ ಕೊಂಬೆ ಕೊಂಬೆ ಇಳಿದು, ಎಂದೂ ಇಳಿಯದಷ್ಟು ಕೆಳಗೆ ಬಂದು ಕುಳಿತಿತು. ನರಿಯ ಮೋಸವನ್ನು ಹೇಳಿತು, ತನ್ನ ತಪ್ಪನ್ನೂ ಹೇಳಿತು. "ಕೂಗು ಗಂಟಲಿಗೆ ಬಂದಿತ್ತು ಹೊನ್ನಿ. ನಾನೇ ನುಂಗಿದೆ. ಯಾರೋ ನಗ್ತಾರೆ ಅಂತ ನುಂಗಿದೆ."

ಹೊನ್ನಿ ಆ ಕೊಂಬೆಯ ಕೆಳಗೆ ಬಂದು ನಿಂತಿತು. ಅದರ ಕಣ್ಣಿಂದ ನೀರು ಇಳಿಯುತ್ತಿತ್ತು. ಕೊನೆಗೆ ಹೇಳಿತು. "ಮೇಲೆ ಹೋಗಣ್ಣ. ಇಲ್ಲಿಂದ ನಿಂಗೆ ದೂರ ಕಾಣಲ್ಲ. ಹೋಗಿ ಒಂದಿಷ್ಟು ಚಿಗುರು ಉದುರಿಸು, ಮಕ್ಕಳು ಹಸಿದಿವೆ."

ನೀಳಬಾಲ ಮೇಲೆ ಹೋಯಿತು. ಆಮೇಲೆ ಎಂದೂ ಅದು ಆ ಕೂಗನ್ನು ನುಂಗಲಿಲ್ಲ. ನರಿ ಕಲಿಸಿದ ಪದಗಳನ್ನು ಕಾಡು ಮರೆಯಲೂ ಇಲ್ಲ. ಹೊಟ್ಟೆ ತುಂಬಿ, ನೆರಳಲ್ಲಿ ಮಲಗಿರುವಾಗ, ಮರಿಗಳು ಆಸೆಪಟ್ಟು ಕೇಳಿದರೆ ಹೊನ್ನಿಯೇ ಹೇಳಿಕೊಡುತ್ತಿತ್ತು. ಮುಂದಿನ ವರ್ಷ ಅದಕ್ಕೆ ಇನ್ನೊಂದು ಮರಿಯಾಯಿತು. ಅದೂ ಚುರುಕು. ಒಂದು ದಿನ ಕೇಳಿತು.

"ಅಮ್ಮ, ಅಷ್ಟೊಂದು ಪದಕ್ಕೆ ಅರ್ಥ ಹೇಳಿದೆ. ಖಕ್ ಅಂದ್ರೆ ಏನು, ಹೇಳಲೇ ಇಲ್ಲ?"

ಹೊನ್ನಿ ಮರಿಯ ನೆತ್ತಿ ನೆಕ್ಕಿತು.

"ಅದನ್ನ ನಿಂತು ಹೇಳೋಕಾಗಲ್ಲ ಮಗು. ಅದು ಕೇಳಿದಾಗ ಓಡು. ಓಡಿ ನನ್ನ ಹತ್ರ ಬಾ. ಬದುಕಿ ಬರ್ತೀಯಲ್ಲ, ಅದೇ ಅದರ ಅರ್ಥ."

ನೀತಿ: ಎಷ್ಟು ದೊಡ್ಡ ಪದವನ್ನಾದರೂ ಕಲಿಯಿರಿ, ಆದರೆ ಅರ್ಥವನ್ನು ಒಪ್ಪಿಸುವುದೇ ತಿಳಿವಳಿಕೆಯಲ್ಲ, ಆಪತ್ತಿನಲ್ಲಿ ಎಲ್ಲರಿಗೂ ತಟ್ಟನೆ ಮುಟ್ಟುವ ನಮ್ಮ ಮಾತಿಗೆ ನಾಚಬಾರದು, ಹಾಗೆ ನಾಚಿಸುವವರನ್ನು ನಂಬಲೂಬಾರದು.