ಮೇಳದೊಳಗಿನ ಒಡಕು ದನಿ

ಹೊಳೆಯ ದಂಡೆಯ ಮಠದಲ್ಲಿ ಮಡಿವಾಳಜ್ಜ ಎಂಬ ಗುರುವಿದ್ದ. ಊರವರಿಗೆ ಹಾಡಿನ ನಾಟಕ ಕಲಿಸುವುದೇ ಆತನ ಪೂಜೆಯಾಗಿತ್ತು.

ಆತನ ಮೇಳಕ್ಕೆ ಒಂದು ಕಟ್ಟಳೆಯಿತ್ತು. ಎತ್ತಿದ ಹಾಡನ್ನು ನೆಲಕ್ಕೆ ಬೀಳಗೊಡಬಾರದು. ಒಬ್ಬರ ಉಸಿರು ನಿಂತರೆ ಕೇಳಿದವರು ಮುಂದುವರಿಸಬೇಕು.

ಆ ವರ್ಷ ಮೇಳ ನಡೆಸುವ ಭಾರ ಶಿಷ್ಯೆ ಗದಿಗೆವ್ವನ ಹೆಗಲಿಗೆ ಬಂತು. ಹಿಗ್ಗೂ ಬಂತು, ಅಂಜಿಕೆಯೂ ಬಂತು.

“ಅಜ್ಜಾರ, ಕೆರೀ ಹಾಡಿಗೆ ಜನ ತಲಿ ತೂಗತಾರ, ಚಪ್ಪಾಳಿ ಹೊಡೀತಾರ. ಒಬ್ಬರಿಗೂ ಸಂಕಟ ಆಗೂದಿಲ್ಲ. ಯಾಕ್ರೀ?”

“ಹಾಡಿ ತೋರಸವ್ವಾ, ನೋಡೂಣು.”

ಅರಸನ ಮಾತು ನಂಬಿ ಕೆರೆ ಕಟ್ಟಿ, ನೀರು ತುಂಬಿದ ಮೇಲೆ ಅವನಿಂದಲೇ ಹೊರದೂಡಿಸಿಕೊಂಡ ಕೂಲಿಗಳು ನಾಟಕದ ಕಡೆಗೆ ಒಟ್ಟಾಗಿ ಹಾಡುವ ಹಾಡು ಅದು.

*ಮಣ್ಣ ಹೊತ್ತವರು ನಾವು, ಕೆರೆಯ ಕಟ್ಟಿದವರು ನಾವು,*
*ನೀರು ಬಂದ ದಿನ ನಮಗೆ ದಂಡೆಯೂ ದೂರವಾಯಿತು.*

ಮೇಳ ಹಾಡಿತು. ಆಚೆ ದಂಡೆಯಲ್ಲಿ ಅರಿವೆ ಒಗೆಯುವ ಹೆಂಗಸರು ಒಗೆಯುತ್ತಲೇ ಇದ್ದರು.

ಗದಿಗೆವ್ವ ಕಿವಿಗೊಟ್ಟು ಕೇಳಿದಳು. ಹಾಡು ಕೆಡುತ್ತಿದ್ದುದು ಮೇಳದಲ್ಲಿದ್ದ ಸುಣ್ಣ ಸುಡುವ ಬೂದೆಪ್ಪನಿಂದ ಎಂದು ಅವಳಿಗೆ ತೋರಿತು. ಸುಣ್ಣದ ಭಟ್ಟಿಯ ಹೊಗೆ ಕುಡಿದು ಆತನ ದನಿ ಒಡೆದಿತ್ತು.

“ಬೂದೆಪ್ಪ ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಹೊರಗ ಕೂತು ಕೇಳ್ರಿ.”

“ಸಿಟ್ಟ ಯಾಕವ್ವಾ? ನಾ ಹಾಡಿದರ ನಮ್ಮ ಎಮ್ಮಿನೂ ಹಾಲು ಬಿಡೂದಿಲ್ಲ” ಎಂದು ಬೂದೆಪ್ಪ ನಕ್ಕ. ಹೆಗಲ ಮೇಲಿನ ಟವಲು ಕೊಡವಿಕೊಂಡು ಹೋಗಿ, ಹೊಳೆಗೆ ಇಳಿಯುವ ಪಾವಟಿಗೆಯ ಮೇಲೆ ಕುಳಿತ.

ಹಾಡು ಮತ್ತೆ ಎದ್ದಿತು. ಈಗ ಎಲ್ಲಿಯೂ ಕಸರಿರಲಿಲ್ಲ.

“ಹೆಂಗೈತ್ರಿ ಅಜ್ಜಾರ?”

“ಭಾಳ ಛಲೋ ಆತು. ಅರಸ ಕೇಳಿದ್ದರ ಉಂಬಳಿ ಕೊಡತಿದ್ದ.”

ಹಾಗೆಂದು ಮಡಿವಾಳಜ್ಜ ಕೋಲು ಹಿಡಿದು ಎದ್ದ. ಮೆಲ್ಲಗೆ ನಡೆದು ಹೋಗಿ ಬೂದೆಪ್ಪನ ಎಡಕ್ಕೆ ಕುಳಿತ.

ಮೇಳದವರು ಒಬ್ಬರ ಮುಖ ಒಬ್ಬರು ನೋಡಿದರು. ತಾಳದವನು ತಾಳ ಕೆಳಗಿಟ್ಟು ಹೊರಟ. ಅವನ ಹಿಂದೆ ಅವನ ಹೆಂಡತಿ ಹೊರಟಳು. ಆಮೇಲೆ ಉಳಿದವರೂ ಹೋಗಿ ಪಾವಟಿಗೆಯ ಮೇಲೆ ಕುಳಿತರು.

ಗದಿಗೆವ್ವ ಒಬ್ಬಳೇ ನಿಂತಳು.

“ಅಜ್ಜಾರ, ಎಲ್ಲಾರೂ ಹೋದರ ನಾ ಏನು ಮಾಡ್ಲಿ?”

“ಹಾಡವ್ವಾ. ನಿನ್ನ ದನಿಗೆ ಏನಾಗೇತಿ? ಬಂಗಾರದಂಥಾದ್ದು.”

ಅವಳು ಎತ್ತಿದಳು. ‘ಮಣ್ಣ ಹೊತ್ತವರು ನಾವು’ ಎಂದಳು. ಸುತ್ತ ನೋಡಿದಳು. ಬರಿಯ ಕಂಬಗಳಿದ್ದವು. ‘ಕೆರೆಯ ಕಟ್ಟಿದವರು…’ ಎಂದಳು. ಮುಂದಿನ ‘ನಾವು’ ಗಂಟಲಲ್ಲಿಯೇ ನಿಂತಿತು.

ಹಾಡು ಬೀಳುವುದರಲ್ಲಿತ್ತು.

ಆಗ ಪಾವಟಿಗೆಯ ಮೇಲಿಂದ ಒಂದು ದನಿ ಅದನ್ನು ಎತ್ತಿಕೊಂಡಿತು. ಬೂದೆಪ್ಪನ ದನಿ. ‘ನಾವು’ ಎಂದಿತು. ‘ದಂಡೆಯೂ’ ಎನ್ನುವಾಗ ಕೆರೆಯಿತು. ‘ದೂರವಾಯಿತು’ ಎನ್ನುವಾಗ ನಡುವೆ ಒಡೆದೇ ಹೋಯಿತು. ಒಡೆದಲ್ಲಿ ಅಜ್ಜ ದನಿಗೂಡಿಸಿದ. ಬಳಿಕ ಎಲ್ಲರೂ ಕೂಡಿದರು.

ಆಚೆ ದಂಡೆಯಲ್ಲಿ ಅರಿವೆಯ ಸಪ್ಪಳ ನಿಂತಿತು. ಒಬ್ಬ ಮುದುಕಿ ಹಿಂಡುತ್ತಿದ್ದ ಸೀರೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಇತ್ತ ನೋಡುತ್ತ ನಿಂತಿದ್ದಳು.

ಗದಿಗೆವ್ವ ಓಡುತ್ತ ಇಳಿದು ಬಂದಳು. ಬೂದೆಪ್ಪನ ಮುಂದೆ ನಿಂತಳು.

“ಕಾಕಾ… ಒಳಗ ಬರ್ರಿ” ಎಂದಳು.

ಬೂದೆಪ್ಪ ಏಳಲಿಲ್ಲ. ಕಣ್ಣೊರೆಸಿಕೊಂಡು, ಕೂತಲ್ಲಿಯೇ ತುಸು ಸರಿದ.

ಮಡಿವಾಳಜ್ಜ ಕೋಲಿನಿಂದ ಪಾವಟಿಗೆಯನ್ನು ಮೆಲ್ಲಗೆ ತಟ್ಟಿದ.

“ಕರೀಲಿಕ್ಕೆ ಯಾಕ ನಿಂತೀಯವ್ವಾ? ಅಂವ ಆಗಲೇ ನಿನಗ ಜಾಗಾ ಮಾಡ್ಯಾನ. ಕೂಡು.”