ನೀರು ಕುಡಿದ ಓಲೇಕಾರ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳುವಾಗಲೇ ಇದು ಹಳೆಯ ಮಾತಾಗಿತ್ತಂತೆ. ಎರೆಭೂಮಿಯ ನಡುವೆ ಮುತ್ತಲಹಾಳ ಅಂತ ಒಂದು ಊರು. ಆ ಊರಲ್ಲಿ ಹುಲಗಪ್ಪ ಅಂತ ಒಬ್ಬ ಓಲೇಕಾರ ಇದ್ದ.

ಓಲೇಕಾರ ಅಂದರೆ ಒಂದೂರಿನ ಓಲೆಯನ್ನು ಇನ್ನೊಂದೂರಿಗೆ ಓಡಿ ಮುಟ್ಟಿಸುವವನು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಹೆಗಲಿಗೆ ತೊಗಲಿನ ಚೀಲ. ಹುಲಗಪ್ಪ ಓಡುತ್ತಿದ್ದರೆ ಮೊಲ ದಾರಿ ಬಿಟ್ಟು ನಿಲ್ಲುತ್ತಿತ್ತಂತೆ. ಅವನು ಎಬ್ಬಿಸಿದ ಧೂಳು ನೆಲಕ್ಕೆ ಇಳಿಯುವುದರೊಳಗೆ ಅವನು ಮುಂದಿನ ಊರಲ್ಲಿರುತ್ತಿದ್ದನಂತೆ. ನಾನು ನೋಡಿಲ್ಲ, ಕೇಳಿದ್ದನ್ನು ಹೇಳುತ್ತೇನೆ. ಆದರೆ ಒಂದು ಮಾತು ಎಲ್ಲರೂ ಒಪ್ಪುತ್ತಾರೆ. ಅವನ ಕೈಗೆ ಕೊಟ್ಟ ಓಲೆ ಒಂದೂ ತಪ್ಪಲಿಲ್ಲ, ಒಂದೂ ಸುಳ್ಳಾಗಲಿಲ್ಲ.

ಆ ಸೀಮೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಓಲೇಕಾರ ಮನೆ ಮುಂದೆ ನಿಂತರೆ ಮನೆಯವರು ಮೊದಲು ನೀರು, ಬೆಲ್ಲ ತರಬೇಕು. ತಂದದ್ದು ಶುಭ ಸುದ್ದಿಯಾದರೆ ಅವನು ನೀರು ಕುಡಿಯುತ್ತಾನೆ. ಸಾವಿನ ಸುದ್ದಿಯಾದರೆ ತಂಬಿಗೆ ಮುಟ್ಟುವುದಿಲ್ಲ, ಹೊಸ್ತಿಲ ಹೊರಗೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಓದಲು ಬಾರದ ಜನ. ಅವರಿಗೆ ಆ ತಂಬಿಗೆಯೇ ಓಲೆ. ಅವನು ಅದನ್ನು ಬಾಯಿಗೆತ್ತುವವರೆಗೆ ಮನೆಮಂದಿಯೆಲ್ಲ ಉಸಿರು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದರಂತೆ.

ಇನ್ನು ಓಲೆಯ ಸುಂಕ. ಮೊದಲು ಒಂದು ಓಲೆಗೆ ಒಂದು ಬೊಗಸೆ ಜೋಳ. ಬಡವರೂ ಕೊಡುತ್ತಿದ್ದರು, ಬೇಸರವಿಲ್ಲದೆ ಕೊಡುತ್ತಿದ್ದರು. ಎರಡು ಹರದಾರಿಗೊಂದು ಓಲೆಗುಡಿಸಲು ಇತ್ತು. ಅಲ್ಲಿ ಹೊಸ ಓಲೇಕಾರನೊಬ್ಬ ಕಾದಿರುತ್ತಿದ್ದ, ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿರುತ್ತಿತ್ತು. ಒಬ್ಬನ ಕೈಯಿಂದ ಒಬ್ಬನ ಕೈಗೆ ಓಲೆ ಹೋಗುತ್ತಿತ್ತು.

ಆಮೇಲೆ ಆ ಸೀಮೆ ಆಳುತ್ತಿದ್ದ ವಾಡೆಯ ದೇಸಾಯಿಗೆ ಯಾರೋ ಲೆಕ್ಕದ ಜಾಣರು ಬುದ್ಧಿ ಹೇಳಿದರಂತೆ. ಬೊಗಸೆ ಹೋಗಿ ಸೇರು ಆಯಿತು. ಸುಂಕ ಏರಿತೆಂದು ಜನ ಓಲೆ ಕಳಿಸುವುದು ಕಡಿಮೆ ಮಾಡಿದರು. ಓಲೆ ಕಡಿಮೆಯಾಯಿತೆಂದು ವಾಡೆಯವರು ಸುಂಕ ಇನ್ನೂ ಏರಿಸಿದರು. ಸೇರು ಹೋಗಿ ಕೊಳಗ ಆಯಿತು. ಕೊಳಗ ಕೊಟ್ಟು ಯಾರು ಓಲೆ ಕಳಿಸುತ್ತಾರೆ? ಯಾರೂ ಕಳಿಸುವುದಿಲ್ಲವೆಂದ ಮೇಲೆ ಗುಡಿಸಲು ಯಾಕೆ ಅಂತ ಒಂದೊಂದಾಗಿ ಮುಚ್ಚಿದರು. ಹಸುವಿಗೆ ಮೇವು ನಿಲ್ಲಿಸಿ ಹಾಲು ಯಾಕೆ ಕೊಡುವುದಿಲ್ಲ ಅಂತ ಬಡಿಯುವ ಜಾಣತನ ಅದು. ಏಳು ಓಲೇಕಾರರಲ್ಲಿ ಆರು ಮಂದಿ ಕೂಲಿಗೆ ಹೋದರು. ಉಳಿದವನು ಹುಲಗಪ್ಪ ಒಬ್ಬನೇ.

ಜನ ಗೊಣಗಿದರು, ಕಟ್ಟೆಯ ಮೇಲೆ ಕೂತು ಬೈದರು, ವಾಡೆಯ ಕಡೆಯವರು ಬಂದರೆ ಬಾಯಿ ಮುಚ್ಚಿದರು. ಉಪ್ಪು ಮಾರುವವರ ಕೈಯಲ್ಲಿ, ಎತ್ತಿನ ವ್ಯಾಪಾರಿಗಳ ಕೈಯಲ್ಲಿ ಮಾತು ಹೇಳಿ ಕಳಿಸಿದರು. ಮಾತು ದಾರಿಯಲ್ಲಿ ಬಿದ್ದು ಹೋಯಿತು. ಸುದ್ದಿ ತಡವಾಗಿ ಮುಟ್ಟಿ, ತಂಗಿಯ ಸೀಮಂತಕ್ಕೆ ಅಂತ ಹೊರಟ ಅಣ್ಣನೊಬ್ಬ ಊರು ಮುಟ್ಟಿದಾಗ ಕೂಸು ಅಂಬೆಗಾಲು ಇಡುತ್ತಿತ್ತಂತೆ. ನಗಬೇಡಿ, ಆ ಅಣ್ಣ ಅಂಗಳದಲ್ಲಿ ಕೂತು ಅತ್ತನಂತೆ.

ಅದೇ ಮುತ್ತಲಹಾಳದಲ್ಲಿ ಫಕೀರವ್ವ ಅಂತ ಒಬ್ಬ ಮುದುಕಿ. ಒಬ್ಬನೇ ಮಗ, ಕಲ್ಲಪ್ಪ. ದೂರದ ಕೋಟೆ ಕಟ್ಟುವ ಕೆಲಸಕ್ಕೆ ಹೋದವನು. ಎರಡು ಸುಗ್ಗಿ ಕಳೆದರೂ ಅವನಿಂದ ಸುದ್ದಿ ಇರಲಿಲ್ಲ. ಗೆಜ್ಜೆ ಸದ್ದು ಕೇಳಿದಾಗಲೆಲ್ಲ ಅವಳು ಬಾಗಿಲಿಗೆ ಬರುತ್ತಿದ್ದಳು.

ಒಂದು ಬೇಸಿಗೆ. ಕೋಟೆಯ ಗೋಡೆ ಕುಸಿದು ಕಲ್ಲಪ್ಪ ಸತ್ತ. ಅವನ ಜೊತೆಯ ಕಲ್ಲುಕುಟಿಗರು ನಾಲ್ಕು ಮಂದಿ ತಮ್ಮ ತಮ್ಮ ಹೊಟ್ಟೆ ಕಟ್ಟಿ ಒಂದು ಕೊಳಗ ಜೋಳ ಸೇರಿಸಿ ಸುಂಕ ಕೊಟ್ಟರು. ಬೇರೊಂದು ಓಲೆ ಒಯ್ದು ಆ ಕಡೆ ಬಂದಿದ್ದ ಹುಲಗಪ್ಪನ ಕೈಗೆ ಓಲೆಯಿಟ್ಟು ಹೀಗೆ ಹೀಗೆ ಆಯಿತು ಅಂದರು. ಹುಲಗಪ್ಪ ಓಡಿದ. ಹನ್ನೆರಡು ಹರದಾರಿ. ಮೊದಲ ಗುಡಿಸಲು ಮುಚ್ಚಿತ್ತು. ಎರಡನೆಯದಕ್ಕೆ ಮಾಡು ಇರಲಿಲ್ಲ. ಮೂರನೆಯದರಲ್ಲಿ ಗಡಿಗೆ ಇತ್ತು, ತಳದಲ್ಲಿ ಹಲ್ಲಿ ಸತ್ತು ಒಣಗಿತ್ತು. ಹಳ್ಳ ಬತ್ತಿತ್ತು. ನಾಲಿಗೆ ಅಂಗುಳಿಗೆ ಅಂಟಿತು. ಅಷ್ಟಾದರೂ ಅವನು ನಿಲ್ಲಲಿಲ್ಲ ಅನ್ನುತ್ತಾರೆ.

ನಡುಮಧ್ಯಾಹ್ನ ಫಕೀರವ್ವನ ಮನೆ ಮುಂದೆ ಬಂದು ನಿಂತ. ಕಣ್ಣು ಕತ್ತಲೆ ಕಟ್ಟಿತ್ತು. ಮುದುಕಿ ತಂಬಿಗೆ ಹಿಡಿದು ಓಡಿ ಬಂದಳು. ತಣ್ಣನೆಯ ನೀರು, ಅಂಚಿನವರೆಗೆ ತುಳುಕುತ್ತಿತ್ತು.

ಹುಲಗಪ್ಪ ಕುಡಿದ.

ಕುಡಿದದ್ದು ಅವನಲ್ಲ, ಅವನ ಗಂಟಲು. ತಂಬಿಗೆ ಬರಿದಾದ ಮೇಲೆಯೇ ಅವನಿಗೆ ತಾನೇನು ಮಾಡಿದೆ ಅಂತ ತಿಳಿದದ್ದು. ಬಾಯಿ ತೆರೆಯುವುದರೊಳಗೆ ಮುದುಕಿ ಅಲ್ಲಿರಲಿಲ್ಲ. ಓಣಿಯಲ್ಲಿ ಓಡುತ್ತಿದ್ದಳು. ‘ನನ್ನ ಮಗ ಆರಾಮ ಅದಾನ, ಹುಲಗಪ್ಪ ನೀರು ಕುಡದ!’ ಅಂತ ಮನೆಮನೆಗೂ ಹೇಳಿ ಬೆಲ್ಲ ಹಂಚಿದಳಂತೆ.

ಹುಲಗಪ್ಪ ಊರ ಹೊರಗಿನ ಬನ್ನಿ ಮರದ ಕೆಳಗೆ ಹೋಗಿ ಕೂತ. ಏನೇನೋ ಯೋಚಿಸಿದ. ಹೇಳದೆ ಬಿಟ್ಟರೆ ಏನಾಗುತ್ತದೆ? ಆ ಕಡೆಯಿಂದ ಈಗ ಬರುವವರು ಯಾರೂ ಇಲ್ಲ. ಹಣ್ಣು ಜೀವ, ಇನ್ನೆಷ್ಟು ದಿನ, ನಗುತ್ತಲೇ ಇರಲಿ. ಇದು ಪಾಪವಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಚೀಲದಲ್ಲಿದ್ದ ಓಲೆಯನ್ನು ಎರಡು ಸಲ ಮುಟ್ಟಿ ನೋಡಿದ. ಹರಿದು ಹಾಕಲು ಕೈ ಬರಲಿಲ್ಲ.

ದನ ಮನೆಗೆ ಬರುವ ಹೊತ್ತಿಗೆ ಫಕೀರವ್ವ ಅವನನ್ನು ಹುಡುಕಿಕೊಂಡು ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ತುಂಬಿದ ಒಂದು ಕೊಳಗ ಜೋಳ. ಮುಂಗಾರಿಗೆ ಬಿತ್ತಲು ಬೂದಿ ಬೆರೆಸಿ ಕಟ್ಟಿಟ್ಟಿದ್ದ ಬೀಜ ಅದು. ಕೈಯಲ್ಲಿ ಅವನಿಗೆಂದು ಒಂದು ಚರಿಗೆ ಮಜ್ಜಿಗೆ.

‘ಯಪ್ಪಾ ಹುಲಗಪ್ಪಾ, ನಂದೂ ಒಂದು ಓಲಿ ಮುಟ್ಟಿಸು’ ಅಂದಳು. ‘ನಿಮ್ಮವ್ವ ಗಟ್ಟಿ ಅದಾಳ, ಸುಗ್ಗಿಗೆ ಬಾ ಅನ್ನು. ಸುಂಕದ ಜೋಳ ತಂದೀನಿ. ಬೀಜ ಮತ್ತ ಹುಟ್ಟತಾವ, ಮಗ ಬರಲಿ. ಮೊದಲ ಈ ಮಜ್ಜಿಗಿ ಕುಡಿ.’

ಆ ಬುಟ್ಟಿ ನೋಡಿದ ಮೇಲೆ ಹುಲಗಪ್ಪನಿಗೆ ಆಗಲಿಲ್ಲ. ಎದ್ದು ನಿಂತ. ಚರಿಗೆ ಮುಟ್ಟಲಿಲ್ಲ. ತಲೆ ತಗ್ಗಿಸಿದ.

ಮುದುಕಿ ಬುಟ್ಟಿಯನ್ನು ನೆಲಕ್ಕಿಟ್ಟಳು. ಒಂದು ಕಾಳೂ ಚೆಲ್ಲದಂತೆ ಇಟ್ಟಳು ಅನ್ನುತ್ತಾರೆ. ಆಮೇಲೆ ಕೇಳಿದಳು.

‘ಮಧ್ಯಾನ ಕುಡದ್ಯಲ್ಲೋ, ಯಪ್ಪಾ?’

‘ನೀರಡಿಸಿತ್ತು, ಯವ್ವಾ.’

ಅಷ್ಟೇ ಅಂದ. ಅವಳು ಅವನ ಕಾಲು ನೋಡಿದಳು, ಬಿರಿದು ರಕ್ತ ಸೋರುತ್ತಿತ್ತು. ಎಲ್ಲಿಂದ ಓಡಿ ಬಂದೆ, ಕಡೆಯ ಸಲ ಎಲ್ಲಿ ನೀರು ಕುಡಿದಿದ್ದೆ ಅಂತ ಕೇಳಿದಳು. ಅವನು ಗುಡಿಸಲುಗಳ ವಿಷಯ ಹೇಳಿದ, ಬರಿದಾದ ಗಡಿಗೆಯ ವಿಷಯ ಹೇಳಿದ. ಅವಳು ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಚರಿಗೆಯನ್ನು ಮತ್ತೆ ಎತ್ತಿ ಅವನ ಕೈಗೆ ಕೊಟ್ಟಳು.

‘ಕುಡಿ. ಕುಡದು ಆಮ್ಯಾಲ ಹೇಳು, ನನ್ನ ಮಗ ಹೆಂಗ ಹೋದ ಅಂತ.’

ಅವನು ಅಳುತ್ತಾ ಕುಡಿದ, ಕುಡಿದು ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಅವಳು ಅತ್ತದ್ದು ಊರಿಗೆಲ್ಲ ಕೇಳಿಸಿತಂತೆ. ಬೆಲ್ಲ ತಿಂದ ಬಾಯಿಗಳೆಲ್ಲ ಅವಳ ಅಂಗಳಕ್ಕೆ ಬಂದು ಕೂತವು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಫಕೀರವ್ವ ವಾಡೆಯ ದಾರಿ ಹಿಡಿದಳು. ಹಿಂದೆ ಹುಲಗಪ್ಪ ನಡೆದ. ಮುತ್ತಲಹಾಳದವರು ಹೊರಟರು. ದಾರಿಯ ಊರಿನವರೂ ಸೇರಿದರು. ಏಳೂರ ಜನ ಅನ್ನುತ್ತಾರೆ, ಹದಿನೇಳೂರು ಅನ್ನುವವರೂ ಇದ್ದಾರೆ. ಯಾರೂ ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ವಾಡೆಯ ಮುಂದೆ ಹೋಗಿ ನಿಂತರು. ಓಲೇಕಾರನನ್ನು ಕಂಡು ಆಳುಗಳು ಪದ್ಧತಿಯಂತೆ ನೀರು, ಬೆಲ್ಲ ತಂದರು. ಉರಿಬಿಸಿಲು. ಒಬ್ಬರೂ ಮುಟ್ಟಲಿಲ್ಲ. ಅಷ್ಟೂ ಜನ ತಲೆ ತಗ್ಗಿಸಿ ನಿಂತರು.

ಒಳಗಿದ್ದ ದೇಸಾಯಿಗೆ ಸುದ್ದಿ ಹೋಯಿತು. ದೂರದ ಸೀಮೆಗೆ ಮದುವೆ ಮಾಡಿ ಕೊಟ್ಟ ಮಗಳೊಬ್ಬಳು ಅವನಿಗಿದ್ದಳು. ಆರು ತಿಂಗಳಿಂದ ಅವಳ ಸುದ್ದಿಯಿರಲಿಲ್ಲ. ರುಮಾಲು ಇಲ್ಲದ ಬರಿದಲೆಯಲ್ಲೇ ಓಡಿ ಬಂದ. ನನ್ನ ಮಗಳಿಗೆ ಏನಾಯಿತು, ಯಾರಾದರೂ ಹೇಳಿ ಅಂತ ಕೈಮುಗಿದು ಕೇಳಿದನಂತೆ. ವಾಡೆಯ ದೇಸಾಯಿ, ಕೈಮುಗಿದು!

ಫಕೀರವ್ವ ತಲೆ ಎತ್ತಿದಳು.

‘ನಿನ್ನ ಮಗಳು ಹೆಂಗದಾಳೋ ನಮಗೂ ಗೊತ್ತಿಲ್ಲ, ಧಣೀ. ಗೊತ್ತಾಗೂ ದಾರಿ ನೀನ ಮುಚ್ಚೀದಿ.’

ದೇಸಾಯಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಆ ತಿಂಗಳೊಳಗೆ ಗುಡಿಸಲುಗಳಿಗೆ ಮಾಡು ಬಂತು, ಗಡಿಗೆಗೆ ನೀರು ಬಂತು, ಕೂಲಿಗೆ ಹೋದ ಓಲೇಕಾರರು ತಿರುಗಿ ಬಂದರು. ಸುಂಕ ಮತ್ತೆ ಬೊಗಸೆಗೆ ಇಳಿಯಿತು ಅಂತ ಕೆಲವರು ಹೇಳುತ್ತಾರೆ. ಸೇರಿಗೆ ನಿಂತಿತು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ನನಗೂ ಅದೇ ನಿಜ ಅನ್ನಿಸುತ್ತದೆ. ಏರಿದ ಸುಂಕ ಪೂರ್ತಿ ಇಳಿದದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ?

ದೇಸಾಯಿಯ ಮಗಳಿಗೆ ಮೊದಲ ಓಲೆ ಒಯ್ದವನು ಹುಲಗಪ್ಪನೇ. ಮುಪ್ಪಾಗುವ ತನಕ ಓಡಿದ. ಆದರೆ ಅವನಿಗೆ ಕೀರ್ತಿ ಬಂದದ್ದು ಓಟದಿಂದಲ್ಲ. ಎಂದೂ ತಪ್ಪದವನು ಒಂದೇ ಒಂದು ಸಲ ತಪ್ಪಿದ, ಆ ತಪ್ಪನ್ನು ಜನ ಕಾಪಾಡಿಕೊಂಡು ಬಂದರು.

ಇವತ್ತಿಗೂ ಆ ಏಳೂರಿನಲ್ಲಿ ನೋಡಿ. ಅಂಚೆಯವನು ಸೈಕಲ್ಲಿನಿಂದ ಇಳಿದರೆ, ಸಾವಿನ ಸುದ್ದಿ ಹೇಳಲು ಯಾರಾದರೂ ಬಂದು ಬಾಗಿಲಲ್ಲಿ ನಿಂತರೆ, ಮೊದಲು ನೀರು ಕೊಡುತ್ತಾರೆ. ಬಂದವನು ಎಂಥ ಸುದ್ದಿ ತಂದಿರಲಿ, ಕುಡಿಯಲೇಬೇಕು. ಕುಡಿಯುವ ತನಕ ಏನು, ಎತ್ತ ಅಂತ ಒಬ್ಬರೂ ಕೇಳುವುದಿಲ್ಲ. ಅವನು ತಂಬಿಗೆ ಎತ್ತಿದಾಗ ಮನೆಯವರೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾರೆ.