ಕುಂಕುಮಕ್ಕೆ ಜಾಗ

ಹಾವೇರಿಯ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೇ ತಡ, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಲೈಸೆನ್ಸ್ ನಡೆಯದು ಎಂದು ಹಟ ಹಿಡಿಯಿತು. ನಾಳೆಗೆ ಮದುವೆ ಪತ್ರಿಕೆ ಅಚ್ಚಾಗಬೇಕು.

ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ಬಂದ. ಕುರ್ಚಿಯಲ್ಲಿ ಕೂತವನು ಕಂಪ್ಯೂಟರಿನ ಕಡೆ ತಿರುಗದೆ ತನ್ನ ಲ್ಯಾಪ್‌ಟಾಪ್ ಮಾತ್ರ ನೋಡಿದ.

"ಇದು ಹೊಸ ಕಂಪ್ಯೂಟರ್. ಹೊಸ ಲೈಸೆನ್ಸ್ ತಗೊಳ್ಳಿ. ನಮ್ಮ ದಾಖಲೆ ಸುಳ್ಳು ಹೇಳಲ್ಲ."

ಟೈಪ್ ಮಾಡುವ ನೀಲವ್ವ ವಾದಕ್ಕಿಳಿಯಲಿಲ್ಲ. ಕುಂಕುಮದ ಬಟ್ಟಲು ತಂದಳು.

"ಹೊಸಾದು ಅಂದ್ರ ಪೂಜೆ ಆಗಬೇಕಲ್ರಿ ಸರ್. ದೊಡ್ಡವ್ರು, ನೀವ ಹಚ್ರಿ."

ಮ್ಯಾನೇಜರ್ ಉಬ್ಬಿದ. ಬೆರಳಿಗೆ ಕುಂಕುಮ ತಗೊಂಡು ಮೇಜಿನ ಕೆಳಗೆ ಬಗ್ಗಿದ. ಕಂಪ್ಯೂಟರಿನ ಡಬ್ಬದ ಮೈತುಂಬ ವಿಭೂತಿ, ಕುಂಕುಮ, ಪದರದ ಮೇಲೆ ಪದರ.

"ಎಲ್ಲಿ ಹಚ್ಚಲಮ್ಮಾ? ಜಾಗವೇ ಇಲ್ಲ!"

"ಏಳು ಆಯುಧಪೂಜೆ ಕಂಡದ್ದು ಹೊಸಾದು ಹೆಂಗಾತು, ನಿಮ್ಮ ದಾಖಲೇನ ಕೇಳ್ರಿ."

ಮ್ಯಾನೇಜರ್ ಕೆಂಪು ಬೆರಳಲ್ಲೇ ಕೀಲಿ ಒತ್ತಿ ಹಳೇ ಲೈಸೆನ್ಸ್ ಚಾಲೂ ಮಾಡಿದ. ಅವನ ಲ್ಯಾಪ್‌ಟಾಪಿಗೂ ಪೂಜೆ ಆಯಿತು.